ಕುಶಲಕರ್ಮಿಗೆ ಕೂಲಿಯ ಘನತೆ ತಂದ ಮಂಗಳೂರಿನ ಕಮಲಾದೇವಿ

ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮಂಗಳೂರಿನಲ್ಲಿ ಜನಿಸಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ಉನ್ನತ ಸರ್ಕಾರಿ ಅಧಿಕಾರಿ. ಕಮಲಾದೇವಿಗೆ ಏಳು ವರ್ಷವಾದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಪತ್ನಿಯ ಮಗನ ಪಾಲಾಯಿತು. ಜೀವನಾಂಶದ ಹಂಗು ಬೇಡವೆಂದ ತಾಯಿ ಗಿರಿಜಾಬಾಯಿ ಮಗಳನ್ನು ಸ್ವಂತ ಬಲದಿಂದಲೇ ಬೆಳೆಸಿದರು. ಸ್ವಂತ ಆದಾಯವಿಲ್ಲದ ಹೆಣ್ಣಿನ ಪಾಡೇನೆಂಬುದನ್ನು ಕಮಲಾದೇವಿ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

14ನೇ ವಯಸ್ಸಿಗೆ ವಿವಾಹ, ಎರಡು ವರ್ಷ ಕಳೆಯುವ ಮೊದಲೇ ವೈಧವ್ಯ. ಬಳಿಕ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರೊಡನೆ ಮರುವಿವಾಹವಾದಾಗ ಸಂಪ್ರದಾಯಸ್ಥರು ಹುಬ್ಬೇರಿಸಿದರು. 1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹ ಅವರನ್ನು ಸೆರೆಮನೆಗೆ ಕಳಿಸಿತು. ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿದ್ದಾಗ ದುಡಿಯುವ ಸ್ತ್ರೀಯರ ಸಮಾನ ಕೂಲಿ, ಹೆರಿಗೆ ಸೌಲಭ್ಯಗಳ ಪರವಾಗಿ ವಾದಿಸಿದರು.

ಸ್ವಾತಂತ್ರ್ಯಾನಂತರ ಅಧಿಕಾರದ ಹಾದಿ ತೆರೆದಿತ್ತು. ಅವರು ಹಿಡಿದದ್ದು ನಿರಾಶ್ರಿತರ ಶಿಬಿರಗಳ ದಾರಿ. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿ, ವಾಯವ್ಯ ಗಡಿನಾಡಿನಿಂದ ಬಂದವರಿಗಾಗಿ ದೆಹಲಿಯ ಬಳಿಯ ಫರೀದಾಬಾದಿನಲ್ಲಿ ಹೊಸ ಪಟ್ಟಣ ಕಟ್ಟುವ ಕಾರ್ಯಕ್ಕೆ ಹೆಗಲು ಕೊಟ್ಟರು. ಭಿಕ್ಷೆಯಂತೆ ಪಡಿತರ ಹಂಚುವುದಲ್ಲ, ದುಡಿಮೆ ಒದಗಿಸುವುದು ಅವರ ನೀತಿ.

1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದಾಗ ಈ ನೀತಿಗೆ ದೇಶವ್ಯಾಪಿ ಅವಕಾಶ ದೊರೆಯಿತು. ಕುಶಲಕರ್ಮಿಗೆ ಕಚ್ಚಾವಸ್ತುವನ್ನು ಸಾಲವಾಗಿ ಕೊಡುವವನೂ, ತಯಾರಾದ ವಸ್ತುವನ್ನು ತನಗೆ ತೋಚಿದ ಬೆಲೆಗೆ ಕೊಳ್ಳುವವನೂ ಅನೇಕ ವೇಳೆ ಒಬ್ಬನೇ ವರ್ತಕ. ಮನೆಯ ಹೆಂಗಸರು ನೂಲು ಸುತ್ತಿದರೂ, ಬಣ್ಣ ಹಾಕಿದರೂ ಅದು ಗಂಡನ ಕೂಲಿಯಲ್ಲಿ ಕರಗಿಹೋಗುತ್ತಿತ್ತು. ಸಹಕಾರ ಸಂಘ, ಪ್ರದರ್ಶನ, ನೇರ ಮಾರಾಟ ಮಳಿಗೆಗಳ ಮೂಲಕ ಈ ಸರಪಳಿಯನ್ನು ಸಡಿಲಿಸುವುದು ಕಮಲಾದೇವಿಯವರ ಯೋಜನೆ. ದೆಹಲಿಯ ಕೇಂದ್ರೀಯ ಗುಡಿ ಕೈಗಾರಿಕೆಗಳ ಮಳಿಗೆಯನ್ನು ಅವರ ಒಕ್ಕೂಟವೇ ನಡೆಸಿ ಬೆಳೆಸಿತು. ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲೊಂದು ಬೆಂಗಳೂರಿಗೆ ಬಂತು.

ದೊಡ್ಡ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಆ ಕಾಲದಲ್ಲಿ ಮಡಕೆ, ಚಾಪೆ, ಕಸೂತಿಗಳ ಮಾತು ಹಲವರಿಗೆ ಹಳೆಯದರ ಹಂಬಲವೆನಿಸಿತು. ಆದರೆ ಅವರದು ಶುದ್ಧ ಲೆಕ್ಕಾಚಾರವೇ ಆಗಿತ್ತು: ಕಡಿಮೆ ಬಂಡವಾಳ, ಊರು ಬಿಡದೆ ಉದ್ಯೋಗ, ಅದರಲ್ಲೂ ಹೊಸ್ತಿಲು ದಾಟಲಾಗದ ಸ್ತ್ರೀಯರಿಗೆ. ಮಳಿಗೆಗಳ ಥಳುಕಿನಷ್ಟು ವೇಗವಾಗಿ ಕೂಲಿ ಏರಲಿಲ್ಲವೆಂಬುದೂ ನಿಜವೇ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನರಸಿ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು. ಅವರ ನಂತರ ಮೂರು ದಶಕ ಕಳೆದು, 2019-20ರಲ್ಲಿ ನಡೆದ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರರ ಪೈಕಿ ಶೇ.70ಕ್ಕೂ ಹೆಚ್ಚು ಮಂದಿ ಮಹಿಳೆಯರು. ಮೂರರಲ್ಲಿ ಸುಮಾರು ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5 ಸಾವಿರ ರೂಪಾಯಿಯನ್ನೂ ಮುಟ್ಟಿರಲಿಲ್ಲ.