ಪ್ರಾಣಿ ಎಣಿಸಿದ ಅಪ್ಪ-ಮಗ

ಈ ಸಲ ನಾನು ಬರ್ನ್‌ಹಾರ್ಡ್ ಗ್ಜಿಮೆಕ್ ಅವರ ಜೀವನದ ಬಗ್ಗೆ ಬರೆದಿದ್ದೇನೆ. ಹೆಸರು ಹೇಳೋಕೆ ಕಷ್ಟ, ಆದರೆ ಕಥೆ ಚೆನ್ನಾಗಿದೆ.

ಇವರು 1909ರ ಏಪ್ರಿಲ್ 24ರಂದು ಜರ್ಮನಿಯಲ್ಲಿ ಹುಟ್ಟಿದರು. ಓದಿದ್ದು ಪಶುವೈದ್ಯ. 1945ರಲ್ಲಿ ಯುದ್ಧ ಮುಗಿದಾಗ ಫ್ರಾಂಕ್‌ಫರ್ಟ್ ಊರಿನ ಮೃಗಾಲಯ ಹಾಳುಬಿದ್ದಿತ್ತು. ಅದರ ಮುಖ್ಯಸ್ಥರಾಗಿ ಅದನ್ನು ಮತ್ತೆ ಕಟ್ಟಿದರು.

ಆಫ್ರಿಕಾದ ಈಗಿನ ಟಾಂಜಾನಿಯಾದಲ್ಲಿ ಸೆರೆಂಗೆಟಿ ಎಂಬ ದೊಡ್ಡ ಹುಲ್ಲುಗಾವಲು ಇದೆ. ಆಗ ಆ ದೇಶ ಬ್ರಿಟಿಷರ ಕೈಲಿತ್ತು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಗಡಿ ಬದಲಾಯಿಸಬೇಕು ಅಂತ ಸರ್ಕಾರ ಯೋಚಿಸಿತ್ತು. ಆದರೆ ಅಲ್ಲಿ ಪ್ರಾಣಿಗಳು ಎಷ್ಟಿವೆ, ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗ್ಜಿಮೆಕ್ ಮತ್ತು ಅವರ ಮಗ ಮೈಕೇಲ್ ವಿಮಾನ ಓಡಿಸೋದು ಕಲಿತರು. ಪುಟ್ಟ ವಿಮಾನಕ್ಕೆ ಜೀಬ್ರಾ ಪಟ್ಟೆ ಬಳಿದು ಜರ್ಮನಿಯಿಂದ ಆಫ್ರಿಕಾದವರೆಗೂ ಹಾರಿದರು. 1958ರಲ್ಲಿ ಮೇಲಿಂದ ನೋಡುತ್ತಾ 3,66,980 ಪ್ರಾಣಿಗಳನ್ನು ಲೆಕ್ಕ ಹಾಕಿದರು. ಹಿಂಡುಗಳು ಗಡಿ ದಾಟಿ ಹೊರಗೂ ಮೇಯಲು ಹೋಗುತ್ತವೆ ಅಂತ ಆಗ ತಿಳಿಯಿತು.

1959ರ ಜನವರಿ 10ರಂದು ಮೈಕೇಲ್ ಒಬ್ಬನೇ ಹಾರುತ್ತಿದ್ದಾಗ ವಿಮಾನಕ್ಕೆ ರಣಹದ್ದು ಬಡಿಯಿತು. ವಿಮಾನ ಬಿದ್ದು ಅವನು ಸತ್ತುಹೋದ. ಬರೀ 24 ವರ್ಷ. ಗೊರೊಂಗೊರೊ ಎಂಬ ಕಡೆ ಮಣ್ಣು ಮಾಡಿದರು. ಇದನ್ನು ಓದಿ ನನಗೆ ತುಂಬಾ ಬೇಜಾರಾಯಿತು. ಆದರೂ ಅಪ್ಪ ಕೆಲಸ ಬಿಡಲಿಲ್ಲ. ಪುಸ್ತಕ ಬರೆದರು, ಚಿತ್ರ ಮುಗಿಸಿದರು. ಆ ಚಿತ್ರಕ್ಕೆ 1960ರಲ್ಲಿ ಆಸ್ಕರ್ ಬಹುಮಾನ ಬಂತು.

ಗ್ಜಿಮೆಕ್ ಅವರು ಟೀವಿಯಲ್ಲೂ ಪ್ರಾಣಿಗಳ ಕಾರ್ಯಕ್ರಮ ಕೊಡುತ್ತಿದ್ದರು. ಒಂದು ಸಲ, ಕಡಿಮೆ ಖರ್ಚಿನಲ್ಲಿ ಆಫ್ರಿಕಾ ಪ್ರವಾಸ ಹೋಗಬಹುದು ಅಂತ ಹೇಳಿಬಿಟ್ಟರಂತೆ. ಆಗ ಅಂಥ ಪ್ರವಾಸವೇ ಇರಲಿಲ್ಲ! ಜನ ಕೇಳೋಕೆ ಶುರು ಮಾಡಿದ ಮೇಲೆ ಕಂಪನಿಗಳು ಏರ್ಪಾಡು ಮಾಡಿದವು. ಸಫಾರಿಗೆ ಜನ ಬಂದರೆ ದೇಶಕ್ಕೆ ದುಡ್ಡು ಬರುತ್ತದೆ, ಆಗ ಸರ್ಕಾರ ಪ್ರಾಣಿಗಳನ್ನು ಕಾಪಾಡುತ್ತದೆ ಎಂಬುದು ಅವರ ಉಪಾಯ.

ಒಂದು ವಿಷಯ ಮಾತ್ರ ನನಗೆ ಸರಿ ಅನ್ನಿಸಲಿಲ್ಲ. ಉದ್ಯಾನದೊಳಗೆ ಮನುಷ್ಯರು ಯಾರೂ ವಾಸ ಮಾಡಬಾರದು ಅಂತ ಅವರು ನಂಬಿದ್ದರು. ಅಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನ 1959ರಲ್ಲಿ ಸೆರೆಂಗೆಟಿ ಬಿಟ್ಟು ಗೊರೊಂಗೊರೊ ಕಡೆ ಹೋಗಬೇಕಾಯಿತು. ಆಮೇಲೆ ಸುತ್ತಲಿನ ದನಗಳಿಗೆ ದೊಡ್ಡರೋಗದ ಲಸಿಕೆ ಹಾಕಿದ್ದರಿಂದ ಕಾಡುಪ್ರಾಣಿಗಳಿಗೂ ಆ ರೋಗ ನಿಂತಿತು. ವೈಲ್ಡ್‌ಬೀಸ್ಟ್ ಎಂಬ ಹುಲ್ಲೆ ಜಾತಿಯ ಪ್ರಾಣಿ ಅವರ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ಇತ್ತು, ಈಗ ಹತ್ತು ಲಕ್ಷಕ್ಕೂ ಹೆಚ್ಚಿದೆ. ದನ ಚೆನ್ನಾಗಿದ್ದರೆ ಕಾಡುಪ್ರಾಣಿಯೂ ಚೆನ್ನಾಗಿರುತ್ತದೆ. ಹಾಗಿರುವಾಗ ದನ ಕಾಯುವವರನ್ನು ಯಾಕೆ ಕಳಿಸಬೇಕಿತ್ತು?

ಗ್ಜಿಮೆಕ್ 1987ರ ಮಾರ್ಚ್ 13ರಂದು ಮಕ್ಕಳ ಜೊತೆ ಸರ್ಕಸ್ಸಿನಲ್ಲಿ ಹುಲಿ ಆಟ ನೋಡುತ್ತಿದ್ದಾಗ ತೀರಿಕೊಂಡರು. ಅವರ ಬೂದಿಯನ್ನು ಆಫ್ರಿಕಾಕ್ಕೆ ತಗೊಂಡು ಹೋಗಿ ಮಗನ ಪಕ್ಕದಲ್ಲೇ ಇಟ್ಟರು. ಪ್ರಾಣಿಗಳಿಗಾಗಿ ಅವರಷ್ಟು ದುಡಿದವರು ಕಡಿಮೆ. ಆದರೆ ಮುಂದೆ ಪ್ರಾಣಿ ಎಣಿಸುವವರು ಅಲ್ಲಿನ ಜನರನ್ನೂ ಮರೆಯಬಾರದು ಅಂತ ನನ್ನ ಅನಿಸಿಕೆ.

— 7ನೇ ತರಗತಿ