ಕಿಟೆಲ್ ಕಲಿತು ಕಲಿಸಿದ ವ್ಯಾಕರಣ

ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದರು. ನಮ್ಮ ನೂಲದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುವ ಧಾರವಾಡದ ಸೀಮೆಯಲ್ಲಿ ಅವರಿಗೆ ಕನ್ನಡದ ಹುಚ್ಚು ಹಿಡಿಯಿತು. ಮತಬೋಧನೆಗೆ ಇಷ್ಟೊಂದು ಭಾಷಾಭ್ಯಾಸ ಏಕೆಂದು ಮಿಷನ್ನಿನವರಿಗೇ ಅಸಮಾಧಾನ. ಕಿಟೆಲ್ ಬಿಡಲಿಲ್ಲ. ಶಾಲಾ ಪುಸ್ತಕಗಳನ್ನು ಬರೆದರು. ಜೈನ ಪಂಡಿತ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು. ಪಾದ್ರಿಗೆ ವ್ಯಾಕರಣದ ಗುರು ಜೈನ!

ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಲ್ಲರೂ ಅದನ್ನೇ ನೆನೆಯುತ್ತೇವೆ, ವ್ಯಾಕರಣವನ್ನು ಮರೆಯುತ್ತೇವೆ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ, ಇಂಗ್ಲಿಷಿನಲ್ಲಿ ಬರೆದ ಆ ಗ್ರಂಥ 1903ರಲ್ಲಿ ಹೊರಬಂತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎನ್ನುವ ನಮ್ಮ ಕಡೆಯ ಮಕ್ಕಳಿಗೆ ಪಾಠ ಹೇಳುವವರು ಅದನ್ನೊಮ್ಮೆ ತೆರೆದು ನೋಡಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.