ಅಧ್ಯಕ್ಷರು ಕೇಳದೇ ಬಿಟ್ಟ ಅಂಕಿಗಳು

1944ರ ಮಾರ್ಚ್ 27ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ ಅವರನ್ನು ವಾಷಿಂಗ್ಟನ್ನಿನ ಸಮೀಪದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಗೆ ಕರೆತರಲಾಯಿತು. ತಿಂಗಳುಗಳಿಂದ ಕಾಡುತ್ತಿದ್ದ ಕೆಮ್ಮು ಮತ್ತು ಆಯಾಸವನ್ನು ಕಂಡು ಕಳವಳಗೊಂಡ ಮಗಳು ಆನಾ ಒತ್ತಾಯಿಸಿದ್ದರ ಫಲ ಅದು. ಪರೀಕ್ಷೆ ನಡೆಸಿದವರು ಹೊವಾರ್ಡ್ ಬ್ರೂಯೆನ್ ಎಂಬ ಯುವ ಹೃದ್ರೋಗ ತಜ್ಞ. ರೋಗಿಯ ತುಟಿ ಮತ್ತು ಉಗುರುಗಳು ನೀಲಿಗಟ್ಟಿದ್ದವು, ಹೃದಯ ಹಿಗ್ಗಿತ್ತು, ಶ್ವಾಸಕೋಶದಲ್ಲಿ ನೀರು ನಿಲ್ಲತೊಡಗಿತ್ತು. ರಕ್ತದೊತ್ತಡ 186/108. ಮಹಾಯುದ್ಧವೊಂದನ್ನು ನಡೆಸುತ್ತಿದ್ದ ನಾಯಕನ ಹೃದಯ ಸೋಲುತ್ತಿತ್ತು.

ಇದು ದಿಢೀರನೆ ಬಂದೆರಗಿದ ವ್ಯಾಧಿಯೇನೂ ಆಗಿರಲಿಲ್ಲ. 1882ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಹೈಡ್ ಪಾರ್ಕ್‌ನ ಸಿರಿವಂತ ಮನೆತನದಲ್ಲಿ ಜನಿಸಿದ ರೂಸ್‌ವೆಲ್ಟ್, 39ನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾಗಿ ಕಾಲುಗಳ ಬಲ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕುಳಿತೇ ಗವರ್ನರ್ ಆದರು, 1933ರಲ್ಲಿ ಅಧ್ಯಕ್ಷರಾದರು, ಕುಸಿದುಬಿದ್ದ ಆರ್ಥಿಕತೆಗೆ ಸರ್ಕಾರವೇ ಊರುಗೋಲಾಗಬಹುದೆಂದು ತೋರಿಸಿಕೊಟ್ಟರು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾಗಿದ್ದ ನನ್ನ ತಲೆಮಾರಿನವರಿಗೆ ಅವರ 'ನ್ಯೂ ಡೀಲ್' ಕಾರ್ಯಕ್ರಮ ಪಠ್ಯದ ಒಂದು ಅಧ್ಯಾಯವಷ್ಟೇ ಆಗಿರದೆ ಒಂದು ಭರವಸೆಯೂ ಆಗಿತ್ತು. ಆದರೆ ತಮ್ಮ ಅಂಗವೈಕಲ್ಯ ಜನರ ಕಣ್ಣಿಗೆ ಬೀಳದಂತೆ ಅವರು ವಹಿಸಿದ ಎಚ್ಚರ, ಅದಕ್ಕೆ ಪತ್ರಿಕಾ ಛಾಯಾಗ್ರಾಹಕರು ನೀಡಿದ ಸಹಕಾರ, ಇವೆಲ್ಲ ಸೇರಿ ದೇಹದ ಸಂಗತಿಗಳನ್ನು ಮರೆಯಲ್ಲಿಡುವುದೇ ಶ್ವೇತಭವನದ ವಾಡಿಕೆಯಾಗಿಬಿಟ್ಟಿತು.

1937ರಲ್ಲಿ ಅವರ ರಕ್ತದೊತ್ತಡ 162/98 ಇತ್ತು. 1941ರ ವೇಳೆಗೆ 188/105ಕ್ಕೆ ಏರಿತ್ತು. ಮೊದಲ ಸಂಖ್ಯೆ ಹೃದಯ ಸಂಕುಚಿಸಿ ರಕ್ತವನ್ನು ನೂಕುವಾಗಿನ ಒತ್ತಡ, ಎರಡನೆಯದು ಅದು ವಿರಮಿಸುವಾಗ ರಕ್ತನಾಳಗಳಲ್ಲಿ ಉಳಿಯುವ ಒತ್ತಡ. ಇಂದು 140/90 ದಾಟಿದರೆ ವೈದ್ಯರು ಎಚ್ಚರಿಸುತ್ತಾರೆ. ಅಧ್ಯಕ್ಷರ ಖಾಸಗಿ ವೈದ್ಯ, ನೌಕಾಪಡೆಯ ಅಡ್ಮಿರಲ್ ರಾಸ್ ಮ್ಯಾಕಿಂಟೈರ್ ಮೂಲತಃ ಕಿವಿ, ಮೂಗು, ಗಂಟಲು ತಜ್ಞರು. ಅಧ್ಯಕ್ಷರ ಮೂಗು ಮತ್ತು ಸೈನಸ್ ತೊಂದರೆಗಳನ್ನು ಅವರು ಶ್ರದ್ಧೆಯಿಂದಲೇ ನೋಡಿಕೊಂಡರು. ಏರುತ್ತಿದ್ದ ಆ ಅಂಕಿಗಳ ವಿಷಯದಲ್ಲಿ ಮಾತ್ರ ಏನನ್ನೂ ಮಾಡಲಿಲ್ಲ. ದೋಷವನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟುವುದು ಅನ್ಯಾಯವಾದೀತು. ವಯಸ್ಸಾದಂತೆ ನಾಳಗಳು ಗಡುಸಾಗುತ್ತವೆ, ಅವುಗಳ ಮೂಲಕ ರಕ್ತ ಹರಿಯಬೇಕಾದರೆ ಒತ್ತಡ ಏರಲೇಬೇಕು, ಅದನ್ನು ಇಳಿಸಹೊರಟರೆ ಅಪಾಯವೇ ಹೆಚ್ಚು ಎಂದು ಆ ಕಾಲದ ಹೆಸರಾಂತ ಹೃದ್ರೋಗ ತಜ್ಞರಲ್ಲೂ ಹಲವರು ನಂಬಿದ್ದರು. ಇಳಿಸಬೇಕೆಂದರೂ ತಕ್ಕ ಮಾತ್ರೆಗಳಿರಲಿಲ್ಲ.

ಬ್ರೂಯೆನ್ ಸೂಚಿಸಿದ ಸಂಪೂರ್ಣ ವಿಶ್ರಾಂತಿಯನ್ನು ಯುದ್ಧಕಾಲದಲ್ಲಿ ಅಸಾಧ್ಯವೆಂದು ತಳ್ಳಿಹಾಕಲಾಯಿತು. ಹಿರಿಯ ವೈದ್ಯರೊಡನೆ ವಾದಿಸಿ ಅವರು ಹೃದಯಕ್ಕೆ ಬಲ ಕೊಡುವ ಡಿಜಿಟಾಲಿಸ್ ಔಷಧಿಗೆ ಒಪ್ಪಿಗೆ ಪಡೆದರು; ಉಪ್ಪು ಕಡಿಮೆ ಮಾಡಿಸಿದರು, ಸಿಗರೇಟು ತಗ್ಗಿಸಿದರು, ತೂಕ ಇಳಿಸಿದರು. ಉಸಿರಾಟ ಹಗುರವಾಯಿತು, ಶ್ವಾಸಕೋಶ ತಿಳಿಯಾಯಿತು. ಒತ್ತಡ ಮಾತ್ರ ಇಳಿಯಲಿಲ್ಲ. ಅತ್ತ ಮ್ಯಾಕಿಂಟೈರ್ ಪತ್ರಕರ್ತರನ್ನು ಕರೆದು, ಅಧ್ಯಕ್ಷರ ಆರೋಗ್ಯ 62ರ ವಯಸ್ಸಿಗೆ ಚೆನ್ನಾಗಿಯೇ ಇದೆ ಎಂಬ ಅಭಿಪ್ರಾಯ ಮೂಡಿಸಿದರು. ರೋಗಿಗಾಗಲೀ ಮನೆಯವರಿಗಾಗಲೀ ಏನನ್ನೂ ತಿಳಿಸಬಾರದೆಂದು ಬ್ರೂಯೆನ್‌ಗೆ ಆಜ್ಞೆಯಾಗಿತ್ತು. ಇದಕ್ಕಿಂತ ವಿಚಿತ್ರವಾದುದು ರೋಗಿಯ ನಡವಳಿಕೆ. ದಿನವೂ ಬಂದು ತೋಳಿಗೆ ಪಟ್ಟಿ ಸುತ್ತುವ ಈ ಹೊಸ ವೈದ್ಯ ಯಾರು, ಈ ಮಾತ್ರೆ ಯಾವುದಕ್ಕೆ, ಅಂಕಿ ಎಷ್ಟು ಬಂತು ಎಂದು ರೂಸ್‌ವೆಲ್ಟ್ ಕೇಳುತ್ತಲೇ ಇರಲಿಲ್ಲ. ಉಕ್ಕಿನ ಉತ್ಪಾದನೆಯಿಂದ ಹಡಗುಗಳ ಲೆಕ್ಕದವರೆಗೆ ಎಲ್ಲವನ್ನೂ ವಿಚಾರಿಸುತ್ತಿದ್ದ ಮನುಷ್ಯನ ಈ ನಿರಾಸಕ್ತಿಯನ್ನು ಧೈರ್ಯವೆನ್ನಬೇಕೋ ಭಯವೆನ್ನಬೇಕೋ!

ಅದೇ ಬೇಸಿಗೆಯಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನ ನಡೆದು ಯುದ್ಧಾನಂತರದ ಹಣಕಾಸು ವ್ಯವಸ್ಥೆ ರೂಪುಗೊಂಡಿತು. ಸೆಪ್ಟೆಂಬರಿನಲ್ಲಿ ಚರ್ಚಿಲ್ ಅವರೊಡನೆ ಕ್ವಿಬೆಕ್‌ನಲ್ಲಿದ್ದಾಗ ಅಧ್ಯಕ್ಷ ವಿಲ್ಸನ್ ಅವರ ಜೀವನವನ್ನು ಕುರಿತ ಚಲನಚಿತ್ರವೊಂದನ್ನು ರೂಸ್‌ವೆಲ್ಟ್ ನೋಡಿದರು. ವಿಲ್ಸನ್ 1919ರಲ್ಲಿ, ಅಧಿಕಾರದಲ್ಲಿದ್ದಾಗಲೇ, ಪಾರ್ಶ್ವವಾಯುವಿಗೆ ತುತ್ತಾದವರು. ಚಿತ್ರ ಮುಗಿದ ಮೇಲೆ ಅಳೆದಾಗ ಒತ್ತಡ 240/130! ನವೆಂಬರಿನಲ್ಲಿ ಅಮೆರಿಕದ ಜನ ಇದೊಂದನ್ನೂ ಅರಿಯದೆ ಅವರನ್ನು ನಾಲ್ಕನೆಯ ಬಾರಿಗೆ ಆರಿಸಿದರು. 1945ರ ಫೆಬ್ರುವರಿಯಲ್ಲಿ ಯಾಲ್ಟಾ ಸಮ್ಮೇಳನ. ಪೋಲೆಂಡಿನ ಬಗ್ಗೆ ಬಿಸಿಬಿಸಿ ಚರ್ಚೆ ನಡೆದ ದಿನ ಅವರ ನಾಡಿ ಒಂದು ಬಡಿತ ಬಲವಾಗಿ, ಒಂದು ದುರ್ಬಲವಾಗಿ ಮಿಡಿಯತೊಡಗಿತು. ಪೂರ್ವ ಯುರೋಪು ರಷ್ಯದ ಪಾಲಾದದ್ದಕ್ಕೆ ಈ ಅನಾರೋಗ್ಯವೇ ಕಾರಣವೆನ್ನುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಸ್ಟಾಲಿನ್‌ರ ಸೈನ್ಯ ಆಗಲೇ ಆ ನೆಲದ ಮೇಲೆ ನಿಂತಿತ್ತು.

ಏಪ್ರಿಲ್ 12ರಂದು ಜಾರ್ಜಿಯಾ ಪ್ರಾಂತ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಚಿತ್ರಕಾರ್ತಿಯೊಬ್ಬರು ತಮ್ಮ ಭಾವಚಿತ್ರ ಬರೆಯುತ್ತಿದ್ದಾಗ, ರೂಸ್‌ವೆಲ್ಟ್ ತಲೆಯ ಹಿಂಬದಿಯಲ್ಲಿ ಭೀಕರ ನೋವೆಂದು ಕುಸಿದರು. ಬ್ರೂಯೆನ್ ಧಾವಿಸಿ ಬಂದು ಅಳೆದಾಗ ಮೇಲಿನ ಒತ್ತಡ 300ನ್ನು ಮೀರಿತ್ತು, ಕೆಳಗಿನದು 190. ಮಧ್ಯಾಹ್ನ 3.35ಕ್ಕೆ ಮಿದುಳಿನ ರಕ್ತಸ್ರಾವದಿಂದ ಪ್ರಾಣ ಹೋಯಿತು. ಇದು ನಿರಭ್ರ ಆಕಾಶದಿಂದ ಎರಗಿದ ಸಿಡಿಲೆಂಬ ಅರ್ಥದಲ್ಲಿ ಮ್ಯಾಕಿಂಟೈರ್ ಮಾತಾಡಿದರು. ಬೆಥೆಸ್ಡಾದ ತಿಜೋರಿಯಲ್ಲಿದ್ದ ವೈದ್ಯಕೀಯ ಕಡತ ಮಾಯವಾಯಿತು, ಇಂದಿಗೂ ಸಿಕ್ಕಿಲ್ಲ. ಕಡತಗಳು ತಾವಾಗಿಯೇ ನಡೆದುಹೋಗುವುದಿಲ್ಲವೆಂಬುದು ಸರ್ಕಾರಿ ಸೇವೆಯಲ್ಲಿದ್ದ ಎಲ್ಲರಿಗೂ ಗೊತ್ತು.

ಉತ್ತರಾಧಿಕಾರಿ ಟ್ರೂಮನ್ 1948ರಲ್ಲಿ ಹೃದಯ ಸಂಶೋಧನೆಗೆ ಸರ್ಕಾರಿ ಹಣ ಒದಗಿಸುವ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಸ್ತ್ರೀಪುರುಷರನ್ನು ದಶಕಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಏರಿದ ಒತ್ತಡ ವಯೋಸಹಜವಲ್ಲ, ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿಯೆಂದು ಖಚಿತಪಡಿಸಿದ್ದು ಅಲ್ಲಿನ ಲೆಕ್ಕಗಳೇ. ಔಷಧಿಯ ಕಥೆಯಲ್ಲಿ ಭಾರತಕ್ಕೂ ಪಾಲುಂಟು. ನಮ್ಮ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು 1931ರಲ್ಲೇ ಇಲ್ಲಿನ ವೈದ್ಯರು ಬರೆದಿದ್ದರು. 1949ರಲ್ಲಿ ಮುಂಬಯಿಯ ರುಸ್ತುಂ ವಕೀಲ್ ಅದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದರು. ಆ ಬೇರಿಗಿಂತ ಸುರಕ್ಷಿತ ಮಾತ್ರೆಗಳು ಆಮೇಲೆ ಬಂದಿರುವುದರಿಂದ ಯಾರೂ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಿಂದಿನ ಅಧ್ಯಕ್ಷರಿಗೆ ದೊರೆಯದ ಮಾತ್ರೆ ಇಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಸಿಗುತ್ತದೆ. ಹಾಗಿದ್ದೂ ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇಕೆ ಪರೀಕ್ಷೆ ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅಂಕಿ ಸರಿಹೋಯಿತೆಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ, ಸರಿಹೋದದ್ದು ಮಾತ್ರೆಯಿಂದಲೇ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಉಪ್ಪಿನಕಾಯಿಯ ನಮ್ಮ ಊಟದಲ್ಲಿ ಅಷ್ಟು ಉಪ್ಪು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಬ್ರೂಯೆನ್ ಇಪ್ಪತ್ತೈದು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ಆನಾ ಅವರ ಪ್ರೋತ್ಸಾಹದಿಂದ, ತಮ್ಮ ಬಳಿ ಉಳಿದಿದ್ದ ಟಿಪ್ಪಣಿಗಳನ್ನು ಆಧರಿಸಿ 1970ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಕಾಣೆಯಾದ ಕಡತದ ಅಂಕಿಗಳಲ್ಲಿ ಇಂದು ನಮಗೆ ತಿಳಿದಿರುವ ಬಹುಪಾಲು ಆ ಲೇಖನದ್ದು.